ಜಾಕಿಗೆ ಹಚ್ಚಿದ ವಿಭೂತಿ

ನಮ್ಮ ಮನೆಯ ಹಿತ್ತಿಲ ಬಾಗಿಲ ಪಕ್ಕದಲ್ಲಿ ಒಂದು ಆಯಿಲ್ ಜಾಕು ಇದೆ. ಲಾರಿ ಎತ್ತುವ ಜಾಕು. ನಮ್ಮಲ್ಲಿ ಲಾರಿ ಇಲ್ಲ. ಕಾರೂ ಇಲ್ಲ. ನನಗಿರುವುದು ಒಂದು ಸೈಕಲ್ಲು, ಅದನ್ನು ಎತ್ತುವುದಕ್ಕೆ ಜಾಕು ಬೇಕಾಗುವಷ್ಟು ನಾನಿನ್ನೂ ಸೋತಿಲ್ಲ. ಸಾಲದ್ದಕ್ಕೆ ಈ ಜಾಕು ಸೋರುತ್ತದೆ. ಅದರ ಕೆಳಗೆ ಹಾಸಿರುವ ಗೋಣಿತಾಟಿನ ಮೇಲೆ ಎಣ್ಣೆಯ ಕಲೆ ನಿಧಾನವಾಗಿ ದೊಡ್ಡದಾಗುತ್ತಾ ಇದೆ. ಮನೆಗೆ ಬಂದವರು ಕಾಫಿ ಕುಡಿದು ಕೈ ತೊಳೆಯಲು ಹಿತ್ತಿಲಿಗೆ ಹೋದಾಗ ಅದನ್ನು ನೋಡಿ, "ಇದನ್ಯಾಕೆ ಇಟ್ಕೊಂಡಿದೀರಿ ಮೇಷ್ಟ್ರೇ? ಗುಜರಿಗೆ ಹಾಕ್ಬಾರ್ದಾ?" ಎನ್ನುತ್ತಾರೆ. ಸ್ವಲ್ಪ ತಿಳಿದವರು "ವಾಷರ್ ಹೋಗಿದೆ, ರಿಪೇರಿ ಮಾಡ್ಸಿ" ಎನ್ನುತ್ತಾರೆ. ಅದನ್ನು ರಿಪೇರಿ ಮಾಡುವುದು ನನಗೇ ಬರುತ್ತದೆ, ಹೆಚ್ಚೆಂದರೆ ಅರ್ಧ ದಿನದ ಕೆಲಸ. ಆದರೂ ನಾನು ಅದರ ತಂಟೆಗೆ ಹೋಗುವುದಿಲ್ಲ. ಇದು ಸೋಮಾರಿತನವಲ್ಲ. ಸೋಮಾರಿತನದಲ್ಲಿ ನನಗೆ ಸಾಕಷ್ಟು ಅನುಭವವಿದೆ, ಅದು ಹೇಗಿರುತ್ತದೆಂದು ನನಗೆ ಗೊತ್ತು.

ಸೋರುವ ವಸ್ತುಗಳ ಸಹವಾಸ ನನಗೆ ಹೊಸದೇನಲ್ಲ. ಮಳೆಗಾಲದಲ್ಲಿ ಸೋರುವ ಹೆಂಚಿನ ಕೆಳಗೆ ಪಾತ್ರೆ ಇಟ್ಟುಕೊಂಡು ಓದಿ ಪಾಸಾದವನು ನಾನು. ಅಂಗಿಯ ಜೇಬಿನಲ್ಲಿ ಸೋರುವ ಪೆನ್ನು ಇಟ್ಟುಕೊಂಡೇ ಪಾಠ ಮಾಡಿದವನು. ಮಕ್ಕಳು ನನ್ನ ಜೇಬಿನ ನೀಲಿ ಕಲೆಯನ್ನು ನೋಡಿಯೇ ಆವತ್ತು ಕಾಪಿ ತಿದ್ದಿದ್ದೇನೋ ಇಲ್ಲವೋ ಎಂದು ಹೇಳುತ್ತಿದ್ದರು. ಆದರೆ ಹೆಂಚು, ಪೆನ್ನು ಇವೆಲ್ಲ ಪಾಪದವು. ಸೋರಿದರೆ ಸೋರಿದೆವು ಎಂದು ಕಣ್ಣಿಗೆ ಕಾಣುವ ಹಾಗೆ ಸೋರುತ್ತವೆ. ಜಾಕು ಹಾಗಲ್ಲ, ಅದಕ್ಕೆ ಎರಡು ಥರದ ಸೋರಿಕೆ. ಒಂದು ಹೊರಗೆ ಜಿನುಗುವುದು. ಅದರಿಂದ ಕೈ ಜಿಡ್ಡಾಗುತ್ತದೆ, ಹೆಂಗಸರು ಬೈಯುತ್ತಾರೆ, ಅಷ್ಟೆ. ಇನ್ನೊಂದು ಒಳಗೊಳಗೇ ಸೋರುವುದು. ಹೊರಗೆ ಒಂದು ತೊಟ್ಟೂ ಬೀಳುವುದಿಲ್ಲ. ಮೇಲೆ ಲಾರಿಯನ್ನು ಹೊತ್ತುಕೊಂಡು ಗಟ್ಟಿಯಾಗಿ ನಿಂತ ಹಾಗೆಯೇ ಕಾಣುತ್ತದೆ, ಆದರೆ ಸದ್ದಿಲ್ಲದೆ ಕುಸಿಯುತ್ತಿರುತ್ತದೆ. ಮನುಷ್ಯರಲ್ಲೂ ಈ ಎರಡನೆಯ ಥರದವರ ಜೊತೆ ಬಾಳುವುದೇ ಕಷ್ಟ.

ಈ ಜಾಕು ನನ್ನ ಅಣ್ಣನದು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬೇಡವಾದ ಸಾಮಾನುಗಳನ್ನು ಹರಾಜು ಹಾಕಿದ್ದರಲ್ಲ, ಅದರಲ್ಲಿ ಬಂದದ್ದು ಯಾರ ಯಾರ ಕೈಯಿಂದಲೋ ದಾಟಿ ಕೊನೆಗೆ ಅಣ್ಣನ ಕೈ ಸೇರಿತು. ಮೈಯೆಲ್ಲ ಪಾಚಿಬಣ್ಣ. ಅಣ್ಣ ಅದನ್ನು ಜಾಕು ಎಂದು ಕರೆದದ್ದೇ ಇಲ್ಲ. "ಮಿಲ್ಟ್ರೀನ ತಕೊಂಬಾ" ಎನ್ನುತ್ತಿದ್ದ. ಅವನಿಗೆ ಒಂದು ಹಳೆಯ ಲಾರಿ ಇತ್ತು. ಗುಬ್ಬಿಯಿಂದ, ಸಿ.ಎಸ್. ಪುರದಿಂದ ಕೊಬ್ಬರಿ, ತೆಂಗಿನಕಾಯಿ, ರಾಗಿ ತುಂಬಿಕೊಂಡು ತುಮಕೂರಿನ ಮಂಡಿಗೆ ಹಾಕುವುದು, ಅಲ್ಲಿಂದ ಹೆಂಚೋ ಉಪ್ಪೋ ಹೇರಿಕೊಂಡು ಕುಣಿಗಲ್ ಕಡೆಗೆ ಹೋಗುವುದು. ತಾನೇ ಓನರ್, ತಾನೇ ಡ್ರೈವರ್, ತಾನೇ ಮೆಕ್ಯಾನಿಕ್. ಕೋಳಿ ಕೂಗುವ ಮುಂಚೆ ಮನೆ ಬಿಟ್ಟರೆ ದೀಪ ಹಚ್ಚಿದ ಎಷ್ಟೋ ಹೊತ್ತಿನ ಮೇಲೆ ಬರುತ್ತಿದ್ದ. ಅತ್ತಿಗೆ ಗಂಡನ ಮುಖವನ್ನು ಬಿಸಿಲಿನಲ್ಲಿ ನೋಡಿದ್ದು ಮದುವೆಯ ದಿನ ಮಾತ್ರ ಎಂದು ನಾನು ತಮಾಷೆ ಮಾಡುತ್ತಿದ್ದೆ. ಅವರು ನಗುತ್ತಿದ್ದರು. ನಗುವ ಮಾತಲ್ಲ ಅದು ಎಂದು ನನಗೆ ಆಗ ಹೊಳೆಯಲಿಲ್ಲ.

ನಾನು ಆಗ ಮಂಡಿಪೇಟೆಯ ಅಣ್ಣನ ಮನೆಯಲ್ಲೇ ಇದ್ದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ದ್ರವದ ಮೇಲೆ ಒಂದು ಕಡೆ ಒತ್ತಡ ಹಾಕಿದರೆ ಅದು ಎಲ್ಲ ಕಡೆಗೂ ಒಂದೇ ಸಮ ಹರಡುತ್ತದೆ ಎಂಬ ಪಾಠವನ್ನು ಬೋರ್ಡಿನ ಮೇಲೆ ಸಣ್ಣದೊಂದು ಕೊಳವೆ, ದಪ್ಪದೊಂದು ಕೊಳವೆ ಬರೆದು ಚೆನ್ನಾಗಿಯೇ ಮಾಡುತ್ತಿದ್ದೆ. ಸಣ್ಣ ಕೊಳವೆಯ ಮೇಲೆ ಒಂದು ಇರುವೆ, ದಪ್ಪ ಕೊಳವೆಯ ಮೇಲೆ ಒಂದು ಆನೆ. ನನ್ನ ಆನೆ ಎಮ್ಮೆಯ ಹಾಗೆ ಕಾಣುತ್ತದೆಂದು ಹುಡುಗರು ದೂರುತ್ತಿದ್ದರು, ತತ್ವದ ಬಗ್ಗೆ ಯಾರ ತಕರಾರೂ ಇರಲಿಲ್ಲ. ಒಮ್ಮೆ ಇದನ್ನು ಅಣ್ಣನಿಗೆ ವಿವರಿಸಲು ಹೋದೆ. ಅವನು ಪೂರ್ತಿ ಕೇಳಿಸಿಕೊಂಡು, "ಅದೆಲ್ಲ ಸರಿ ಕಣ್ಲಾ, ಈಗ ನೀನು ಇರುವೆ. ಹ್ಯಾಂಡ್ಲು ಹೊಡಿ" ಎಂದ.

ಜಾಕಿನ ಕಥೆ ಆಯುಧಪೂಜೆಯಿಂದಲೇ ಶುರು. ಆವತ್ತು ಲಾರಿ ತೊಳೆದು, ಬಾಳೆಕಂಬ ಕಟ್ಟಿ, ಸ್ಪ್ಯಾನರುಗಳನ್ನೆಲ್ಲ ಮಣೆಯ ಮೇಲೆ ಜೋಡಿಸಿದರೆ, ಪೂಜೆಯ ಕೆಲಸ ಅತ್ತಿಗೆಯದು. ಮೊದಲ ವರ್ಷ ಅವರು ಜಾಕಿನ ಮುಂದೆ ನಿಂತು, "ಇದೇನ್ರೀ ಹಿಂಗೆ ಕುಳ್ಳಗೆ ಕೂತದೆ? ವಿಭೂತಿ ಹಚ್ಚೋದು ಎಲ್ಲಿಗೆ?" ಎಂದರು. ಅಣ್ಣ ಹ್ಯಾಂಡಲ್ ಹೊಡೆದು ಅದನ್ನು ಪೂರ್ತಿ ಎತ್ತಿ ನಿಲ್ಲಿಸಿದ. ಒಳಗಿನಿಂದ ಹೊಳೆಯುವ ಉಕ್ಕಿನ ಕಂಬ ಎದ್ದು ನಿಂತಿತು. ನೋಡಿದರೆ ಸಾಕ್ಷಾತ್ ಲಿಂಗ. ಅತ್ತಿಗೆಗೆ ಕಣ್ಣು ತುಂಬಿ ಬಂತು. ಮೂರು ಬೆರಳಿನಲ್ಲಿ ವಿಭೂತಿ ತೆಗೆದು ಆ ಕಂಬಕ್ಕೆ ಅಡ್ಡಲಾಗಿ ಎಳೆದರು, ನಡುವೆ ಕುಂಕುಮ ಇಟ್ಟರು, ಮೇಲೆ ಒಂದು ದಾಸವಾಳ. ಲಾರಿಯ ಮೂತಿಗೆ ಕೂಡ ಅಷ್ಟು ಭಕ್ತಿಯಿಂದ ಹಚ್ಚಲಿಲ್ಲ. ಆಮೇಲೆ ಗಂಡನ ಕಡೆ ತಿರುಗಿ, "ನೀವು ಆ ಗಾಡಿ ಕೆಳಗೆ ಮಲಗಿರೋವಾಗ ನನ್ನ ತಾಳಿ ಹೊತ್ಕೊಂಡು ನಿಂತಿರೋದು ಇದೇ ತಾನೆ?" ಎಂದರು. ಅಷ್ಟಕ್ಕೇ ಬಿಡಲಿಲ್ಲ. ಸೌದೆ ಒಡೆಯುವ ಹುಣಸೆಮರದ ದಿಮ್ಮಿಯನ್ನು ತಾವೇ ಉರುಳಿಸಿಕೊಂಡು ಬಂದು ಲಾರಿಗೆ ಹಾಕಿಸಿ, "ಎತ್ತೋದಕ್ಕೆ ಅದು, ಹೊರೋದಕ್ಕೆ ಇದು. ಇದನ್ನ ಕೊಡ್ದೆ ಕೆಳಗೆ ನುಗ್ಗಿದ್ರೆ ನನ್ನಾಣೆ" ಎಂದರು. ಅಣ್ಣ ಗೊಣಗಿಕೊಂಡೇ ಒಪ್ಪಿದ.

ಅಂದಿನಿಂದ ಒಂದು ವಿಚಿತ್ರ ಶುರುವಾಯಿತು. ವರ್ಷವೆಲ್ಲ ಸರಿಯಾಗಿರುವ ಜಾಕು ನವರಾತ್ರಿ ಮುಗಿದ ಮೇಲೆ ಸೋರಲು ತೊಡಗುತ್ತಿತ್ತು. ಬೀದಿಯಲ್ಲಿ ಎಲ್ಲರಿಗೂ ಇದರ ಮೇಲೆ ಒಂದೊಂದು ಅಭಿಪ್ರಾಯ. ಎಣ್ಣೆ ತೆಳುವಾಯಿತು ಎಂದರು ಒಬ್ಬರು. ಹರಳೆಣ್ಣೆ ಹಾಕು, ಗಟ್ಟಿ ನಿಲ್ಲುತ್ತದೆ ಎಂದರು ಇನ್ನೊಬ್ಬರು. ಹಾಕಿದ್ದಾಯಿತು. ಜಾಕು ಹರಳೆಣ್ಣೆ ಕುಡಿದ ಮಗುವಿನ ಹಾಗೆಯೇ ನಡೆದುಕೊಂಡಿತು. ಚಳಿ ಶುರುವಾಗುವ ಕಾಲ, ಚರ್ಮದ ವಾಷರ್ ಬಿಗಿಯುತ್ತದೆ ಎಂದು ವೈಜ್ಞಾನಿಕವಾಗಿ ಹೇಳಿದವನು ನಾನು. ಅದನ್ನು ಯಾರೂ ಅಲ್ಲಗಳೆಯಲಿಲ್ಲ, ನನಗೆ ಸಂಬಳ ಕೊಡುವುದೇ ಅಂಥ ಮಾತಿಗೆ.

ಒಂದು ದಸರಾ ರಜೆಯಲ್ಲಿ, ಹಬ್ಬ ಮುಗಿದ ಮೇಲೆ, ನಾನೂ ಅಣ್ಣನ ಜೊತೆ ಲಾರಿಯಲ್ಲಿ ಹೊರಟಿದ್ದೆ. ಕುಣಿಗಲ್ ಕೆರೆಯ ಏರಿಯ ಹತ್ತಿರ ಹಿಂದಿನ ಚಕ್ರ ಪಂಕ್ಚರ್ ಆಯಿತು. ಅಣ್ಣ ಎಲ್ಲವನ್ನೂ ಕ್ರಮವಾಗಿ ಮಾಡಿದ. ಉಳಿದ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟ. ಮೆತ್ತನೆಯ ಮಣ್ಣೆಂದು ಜಾಕಿನ ಕೆಳಗೆ ಹಲಗೆ ಹಾಕಿದ. ನೆಟ್ಟಗೆ ನಿಲ್ಲಿಸಿ ಎತ್ತಿದ. ಪಕ್ಕದಲ್ಲಿ ಅತ್ತಿಗೆಯ ದಿಮ್ಮಿಯನ್ನು ಲಾರಿಯ ತಳದ ಚಾಸಿಯ ಕೆಳಕ್ಕೆ ಒತ್ತಿ ಇಟ್ಟ. ಚಕ್ರ ಬಿಚ್ಚಿದ ಮೇಲೆ ಸ್ಪ್ರಿಂಗಿನ ಬೋಲ್ಟು ನೋಡುತ್ತೇನೆಂದು ಅಂಗಾತ ಮಲಗಿ ಕೆಳಗೆ ಸರಿದ. ನಾನು ಏರಿಯ ಕಲ್ಲಿನ ಮೇಲೆ ಕೂತು ನೀರುಹಕ್ಕಿಗಳನ್ನು ನೋಡುತ್ತಿದ್ದೆ. ಕಿರ್ ಎಂದು ಮರ ನರಳಿದ ಸದ್ದು ಕೇಳಿ ತಿರುಗಿದರೆ, ಲಾರಿ ವಾಲಿಕೊಂಡು ಆ ದಿಮ್ಮಿಯ ಮೇಲೆ ಕೂತಿತ್ತು. ಜಾಕು ಮಾತ್ರ ಏನೂ ತಿಳಿಯದವರ ಹಾಗೆ ಗಿಡ್ಡಗಾಗಿ ನಿಂತಿತ್ತು. ಅಣ್ಣನ ಎದೆಗೂ ಕಬ್ಬಿಣಕ್ಕೂ ನಡುವೆ ಒಂದು ಗೇಣು ಜಾಗ ಉಳಿದಿತ್ತು. ಕಾಲು ಹಿಡಿದು ಎಳೆದೆ. ಹೊರಗೆ ಬಂದವನು ದಿಮ್ಮಿಯನ್ನೇ ನೋಡುತ್ತಾ ಬೀಡಿ ಹಚ್ಚಿದ.

ಮನೆಗೆ ಬಂದು ಸುದ್ದಿ ಹೇಳಿದಾಗ ಅತ್ತಿಗೆ ಎದ್ದು ಹೋಗಿ ದೇವರ ಮುಂದೆ ದೀಪ ಹಚ್ಚಿ ಬಂದು, "ನಾನು ಹಚ್ಚಿದ್ದ ವಿಭೂತಿ ಕಾಯ್ತು" ಎಂದರು.

ಮಾರನೆ ದಿನ ಅಣ್ಣ ಹಿತ್ತಿಲಲ್ಲಿ ಗೋಣಿತಾಟು ಹಾಸಿ ಜಾಕನ್ನು ಬಿಚ್ಚಿದ. ಅಷ್ಟು ವರ್ಷ ಅದಕ್ಕೆ ಎಣ್ಣೆ ಬದಲಾಯಿಸಿದ್ದನೇ ಹೊರತು ಪೂರ್ತಿ ಬಿಚ್ಚಿರಲಿಲ್ಲ. ಒಳಗಿನಿಂದ ಬಂದ ಎಣ್ಣೆಯ ತಳದಲ್ಲಿ ಬೂದುಬಣ್ಣದ ಗಷ್ಟು, ಅದರಲ್ಲಿ ಅಲ್ಲಲ್ಲಿ ಕೆಂಪು ಛಾಯೆ. ಚರ್ಮದ ವಾಷರಿನ ಅಂಚು ಮರಳುಕಾಗದದಲ್ಲಿ ತಿಕ್ಕಿದ ಹಾಗೆ ಸವೆದಿತ್ತು. ಎಣ್ಣೆ ವಾಪಸು ಬರದಂತೆ ತಡೆಯುವ ಒಂದು ಸಣ್ಣ ಉಕ್ಕಿನ ಗುಂಡು ಇರುತ್ತದೆ, ಅದು ಕೂರುವ ಗೂಡಿನಲ್ಲೂ ಅದೇ ಗಷ್ಟು. ಗುಂಡು ಗೂಡಿನಲ್ಲಿ ಸರಿಯಾಗಿ ಕೂರದಿದ್ದರೆ ಜಾಕು ನಿಲ್ಲುವುದು ಹೇಗೆ? ಅಣ್ಣ ಆ ಗಷ್ಟನ್ನು ಬಿಳಿ ಬಟ್ಟೆಯ ಮೇಲೆ ಒರೆಸಿ ಬೆಳಕಿಗೆ ಹಿಡಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹೊಳೆಯುವ ಕಂಬಕ್ಕೆ ಹಚ್ಚಿದ ವಿಭೂತಿ ಕಂಬದ ಜೊತೆಯಲ್ಲೇ ಒಳಗೆ ಇಳಿದಿತ್ತು.

"ಅತ್ತಿಗೆಗೆ ಹೇಳೋಣ" ಎಂದೆ.

"ಸುಮ್ನಿರ್ಲಾ" ಎಂದ ಅಣ್ಣ, ದನಿ ತಗ್ಗಿಸಿ. "ಇಡೀ ಲಾರೀಲಿ ಅವಳ ಕೈ ಆಡೋದು ಇದೊಂದರ ಮೇಲೆ. ನೀನು ಕೈ ಮುಗಿದಿದ್ದೇ ನನ್ನ ಮೇಲೆ ಬೀಳ್ತಿತ್ತು ಅಂತ ಹೇಳೋಕಾಯ್ತದಾ?"

"ಹಾಗಾದರೆ ಪೂಜೆ ಆದ ಮೇಲೆ ಒರೆಸಿ ಇಳಿಸು."

ಅಣ್ಣ ನನ್ನನ್ನು ದುರುಗುಟ್ಟಿ ನೋಡಿದ. "ಕುಂಕುಮ ಒರೆಸೋದಾ? ಅವಳ ಕಣ್ಮುಂದೆ?" ಎಂದ. ನನಗೆ ನಾಲಿಗೆ ಕಚ್ಚಿಕೊಳ್ಳುವ ಹಾಗಾಯಿತು. ಕೊನೆಗೆ ಅವನೇ ದಾರಿ ಹುಡುಕಿದ. ಅವಳು ಹಚ್ಚಲಿ. ಹಬ್ಬದ ಮಾರನೆ ದಿನ ಲಾರಿ ಈಚೆಗೆ ತೆಗೆಯುವುದು ಬೇಡ, ಜಾಕು ಬಿಚ್ಚಿ ತೊಳೆದು ಹೊಸ ವಾಷರ್ ಹಾಕಿಬಿಡೋಣ. "ಆದ್ರೆ ಚರ್ಮ ರಾತ್ರಿ ಪೂರ್ತಿ ಎಣ್ಣೇಲಿ ನೆನೀಬೇಕು ಕಣೋ. ಒಣಗಿದ್ದು ಹಾಕಿದ್ರೆ ಹಿಡಿಯಲ್ಲ" ಎಂದ.

ಹಬ್ಬದ ಮಾರನೆ ದಿನವೆಂದರೆ ವಿಜಯದಶಮಿ. ಆವತ್ತು ಮೊದಲ ಬಾಡಿಗೆ ಹಿಡಿದರೆ ವರ್ಷವೆಲ್ಲ ಬಾಡಿಗೆ ತಪ್ಪುವುದಿಲ್ಲ ಎಂದು ಲಾರಿಯವರು ನಂಬುತ್ತಾರೆ. ಮಂಡಿಯ ಮುಂದೆ ಬೆಳಿಗ್ಗೆಯೇ ಲಾರಿಗಳು ಸಾಲು ನಿಲ್ಲುತ್ತವೆ. ಅಂಥ ದಿನವೇ ಅಣ್ಣ ಮನೆಯಲ್ಲಿ ಉಳಿಯತೊಡಗಿದ. ಗೋಣಿತಾಟು, ಸೀಮೆಎಣ್ಣೆಯ ಡಬ್ಬ, ನೂಲು ಬಿಡದ ಹಳೇ ಪಂಚೆಯ ತುಂಡು. ಎಣ್ಣೆ ಬಸಿಯುವುದು, ಭಾಗಗಳನ್ನು ತೊಳೆದು ನೆರಳಿನಲ್ಲಿ ಒಣಗಿಸುವುದು, ಗುಂಡನ್ನು ಗೂಡಿನಲ್ಲಿ ಕೂರಿಸಿ ಮೆತ್ತಗೆ ಒಂದು ಪೆಟ್ಟು ಕೊಡುವುದು, ನೆನೆದ ವಾಷರ್ ಹಾಕುವುದು, ಕಂಬ ಪೂರ್ತಿ ಇಳಿದಿರುವಾಗ ಹೊಸ ಎಣ್ಣೆ ತುಂಬುವುದು, ಆಮೇಲೆ ಕೆಳಗಿನ ಸ್ಕ್ರೂ ಸಡಿಲಿಸಿಕೊಂಡು ಹ್ಯಾಂಡಲ್ ಆಡಿಸಿ ಒಳಗಿನ ಗಾಳಿ ಹೊರಡಿಸುವುದು. ನಾನು ನೋಡಿ ಕಲಿತದ್ದು ಹೀಗೆ. ಅತ್ತಿಗೆ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಅವರೆಕಾಯಿಯೋ ಹುಣಸೆಹಣ್ಣೋ ಬಿಡಿಸುತ್ತಾ, ಮಧ್ಯೆ ಮಧ್ಯೆ ಕಾಫಿ ತಂದುಕೊಡುತ್ತಾ, ತಂಗಿಯ ಮದುವೆ, ಮಠದ ಪರಿಷೆ, ಪಕ್ಕದ ಮನೆಯ ಜಗಳ ಎಂದು ಏನೇನೋ ಮಾತಾಡುತ್ತಿದ್ದರು. ಅಣ್ಣ ಹೂಂಗುಟ್ಟುತ್ತಿದ್ದ. ಒಂದೊಂದು ಸಲ ಜೋರಾಗಿ ನಗುತ್ತಿದ್ದ. ಇವರಿಗೆ ವಿಷಯ ಗೊತ್ತಾಗದಂತೆ ನಾವು ಎಷ್ಟು ಚೆನ್ನಾಗಿ ಮುಚ್ಚಿಟ್ಟಿದ್ದೇವೆ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ.

ಒಂದು ವರ್ಷ ಅಣ್ಣ, "ಬೇರೆ ಏನು ಮರೆತ್ರೂ ವಾಷರ್ ನೆನೆಹಾಕೋದು ಮಾತ್ರ ನೀನು ಮರೀಲಿಲ್ಲ ಕಣ್ಲಾ" ಎಂದು ಹೊಗಳಿದ. ನಾನು ಯಾವತ್ತೂ ನೆನೆಹಾಕಿರಲಿಲ್ಲ. ಅವನೇ ಹಾಕುತ್ತಾನೆಂದು ತಿಳಿದಿದ್ದೆ. ತಾನೇ ಹಾಕಿ ಮರೆತಿರಬೇಕು ಎಂದುಕೊಂಡು ಸುಮ್ಮನಾದೆ. ತಾನಾಗಿ ಬಂದ ಹೊಗಳಿಕೆಯನ್ನು ವಾಪಸು ಕಳಿಸುವ ಅಭ್ಯಾಸ ನನಗಿಲ್ಲ.

ಈಗ ನನ್ನ ಉಪಕಾರದ ವಿಷಯಕ್ಕೆ ಬರುತ್ತೇನೆ. ಪ್ರತಿ ವರ್ಷ ಅಣ್ಣನಿಗೆ ವಿಜಯದಶಮಿಯ ಬಾಡಿಗೆ ತಪ್ಪುತ್ತದಲ್ಲ ಎಂದು ನನಗೆ ಬೇಸರವಾಗುತ್ತಿತ್ತು. ಬೆಂಗಳೂರಿಗೆ ಹೋದಾಗ ಅಂಗಡಿಯಲ್ಲಿ ಒಂದು ಸ್ಕ್ರೂ ಜಾಕು ಕಂಡಿತು. ಎಣ್ಣೆಯಿಲ್ಲ, ವಾಷರ್ ಇಲ್ಲ, ತಿರುಪಿದಷ್ಟೂ ಮೇಲೇಳುತ್ತದೆ, ಬೂದಿಯಲ್ಲಿ ಹೂತಿಟ್ಟರೂ ಕುಸಿಯುವುದಿಲ್ಲ. ಇಷ್ಟು ವರ್ಷ ಇದು ಹೊಳೆಯಲಿಲ್ಲವಲ್ಲ ಎಂದು ಹೊತ್ತುಕೊಂಡು ಬಂದು ಹಬ್ಬದ ಹಿಂದಿನ ದಿನ ಅಣ್ಣನ ಮುಂದಿಟ್ಟೆ. ಅವನು ಅದನ್ನು ಸುತ್ತ ತಿರುಗಿಸಿ ನೋಡಿದ. "ಚೆನ್ನಾಗದೆ ಕಣೋ" ಎಂದ. ಆಮೇಲೆ ಇನ್ನೊಂದು ಸಲ, "ಚೆನ್ನಾಗದೆ" ಎಂದ. ಆ ವರ್ಷ ಅತ್ತಿಗೆ ಅದಕ್ಕೇ ವಿಭೂತಿ ಹಚ್ಚಿದರು. ವಿಜಯದಶಮಿಯ ಬೆಳಗಿನ ಜಾವವೇ ಅಣ್ಣ ಲಾರಿ ತೆಗೆದ. ಹಿತ್ತಿಲ ಕಿಟಕಿಯಲ್ಲಿ ಒಂದು ಬಟ್ಟಲು ಎಣ್ಣೆಯಲ್ಲಿ ಚರ್ಮದ ವಾಷರ್ ನೆನೆಯುತ್ತಿತ್ತು. ಅಣ್ಣ ಅಭ್ಯಾಸಬಲದಿಂದ ಹಾಕಿದ್ದಾನೆಂದು ನಗುತ್ತಾ ಅದನ್ನು ತೆಗೆದು, "ಇನ್ನು ಇದರ ಕೆಲಸ ಮುಗೀತು ಬಿಡಿ ಅತ್ತಿಗೆ" ಎಂದೆ. ಅವರು ಬಟ್ಟಲನ್ನು ನನ್ನ ಕೈಯಿಂದ ತೆಗೆದುಕೊಂಡು, "ಹೂಂ" ಎಂದು ತೊಳೆಯಲು ಒಯ್ದರು. ಹಾಗೆ ಹೂಂ ಎಂದದ್ದನ್ನು ನಾನು ಕೃತಜ್ಞತೆ ಎಂದು ತಿಳಿದೆ.

ಮುಂದೆ ಅಣ್ಣ ತೀರಿಕೊಂಡದ್ದು ಲಾರಿಯ ಕೆಳಗಲ್ಲ. ಮನೆಯ ಮಂಚದ ಮೇಲೆ, ಮಾಮೂಲಿ ಜ್ವರ ಎಂದು ಎಲ್ಲರೂ ಅಂದುಕೊಂಡಿದ್ದ ಜ್ವರದಲ್ಲಿ. ಲಾರಿ ಮಾರಿದೆವು. ನಾನು ತಂದ ಸ್ಕ್ರೂ ಜಾಕು ಲಾರಿಯ ಜೊತೆಯಲ್ಲೇ ಹೋಯಿತು. ಹಳೆಯ ಮಿಲ್ಟ್ರಿ ಮಾತ್ರ ಅಟ್ಟದ ಮೇಲೆ ಉಳಿಯಿತು. ವರ್ಷದ ಕಾರ್ಯ ಮುಗಿದ ಮೇಲೆ ಬಂದ ಆಯುಧಪೂಜೆಯ ಹಿಂದಿನ ದಿನ, ಮನೆ ಸಾರಿಸುವಾಗ ಅದನ್ನು ಇಳಿಸಿ ಗುಜರಿಯವನನ್ನು ಕೂಗಿದೆ. ಅವನು ತಕ್ಕಡಿ ತೆಗೆಯುವಷ್ಟರಲ್ಲಿ ಅತ್ತಿಗೆ ಒಳಗಿನಿಂದ ಬಂದು, "ಅದು ಕೊಡಲ್ಲ, ನೀನು ಹೋಗಪ್ಪ" ಎಂದರು. ಆಮೇಲೆ ನನಗೆ, "ನಾಳಿಕ್ಕೆ ಎಣ್ಣೆ ಹಾಕಿ ಎತ್ತಿ ನಿಲ್ಸಿ ಮೇಷ್ಟ್ರೇ, ಪೂಜೆಗೆ" ಎಂದರು.

ಎತ್ತಿ ನಿಲ್ಲಿಸಿದೆ. ಅವರು ಮೂರು ಬೆರಳಿನಲ್ಲಿ ವಿಭೂತಿ ಎಳೆದರು. ಕುಂಕುಮ ಇಡಲಿಲ್ಲ. ವಿಭೂತಿ ಒಳಗೆ ಇಳಿದು ಮತ್ತೆ ಸೋರುತ್ತದಲ್ಲ ಎಂದು ನನ್ನ ಬಾಯಿಂದ ಬಂದೇಬಿಟ್ಟಿತು. ಇಷ್ಟು ವರ್ಷ ಕಾಪಾಡಿದ ಗುಟ್ಟು ರಟ್ಟಾಯಿತಲ್ಲ ಎಂದು ಗಾಬರಿಯಾದೆ. ಅತ್ತಿಗೆ ತಿರುಗಿ ಕೂಡ ನೋಡಲಿಲ್ಲ.

"ಗೊತ್ತು. ಆವತ್ತು ನೀವಿಬ್ರೂ ಗುಸುಗುಸು ಅಂದು ಎಸೆದಿದ್ದ ಬಟ್ಟೆ ಒಗೆದೋಳು ಯಾರು? ವಿಭೂತಿ ಬಣ್ಣ ನಂಗೆ ಗೊತ್ತಾಗಲ್ವಾ?"

"ಮತ್ತೆ ವಾಷರ್..."

"ನಾನೇ ನೆನೆಹಾಕ್ತಿದ್ದೆ. ಪೂಜೆ ಸಾಮಾನು ಜೋಡ್ಸೋವಾಗ್ಲೇ ಬಟ್ಟಲಿಗೆ ಹಾಕಿ ಇಟ್ಟುಬಿಡ್ತಿದ್ದೆ. ಆಮೇಲೆ ವಿಭೂತೀನ ಒಂಚೂರು ಜಾಸ್ತಿನೇ ಹಚ್ತಿದ್ದೆ." ಅತ್ತಿಗೆ ಬೆರಳನ್ನು ಸೆರಗಿಗೆ ಒರೆಸಿಕೊಂಡರು. "ಸುಮ್ನೆ ಒಂದಿನ ಮನೇಲಿರಿ ಅಂದ್ರೆ ಇರೋ ಜನವಾ ಅವ್ರು? ಕೈಗೊಂದು ಕೆಲ್ಸ ಕೊಟ್ರೆ ಕೂರ್ತಿದ್ರು. ವರ್ಷಕ್ಕೆ ಅದೊಂದಿನ."

ಸ್ಕ್ರೂ ಜಾಕನ್ನು ಹೆಗಲ ಮೇಲೆ ಹೊತ್ತುಕೊಂಡು ಗೆದ್ದವನ ಹಾಗೆ ಬಂದದ್ದು ನೆನಪಾಯಿತು. ಸಮಾಧಾನಕ್ಕೇನಾದರೂ ಸಿಗಬಹುದೆಂದು, "ಪಾಪ, ಅಣ್ಣನಿಗೆ ಇದು ಗೊತ್ತಾಗಲೇ ಇಲ್ಲ" ಎಂದೆ.

ಅತ್ತಿಗೆ ಮೊದಲ ಸಲ ನನ್ನ ಕಡೆ ತಿರುಗಿದರು. ನಕ್ಕರು ಎಂದೇ ನನ್ನ ನೆನಪು. "ಮಧ್ಯಾಹ್ನಕ್ಕೆ ಮುಗಿಯೋ ಕೆಲ್ಸಾನ ಹೊತ್ತು ಮುಳುಗೋಗಂಟ ಎಳೀತಿದ್ರಲ್ಲ ಮೇಷ್ಟ್ರೇ, ಯಾಕೆ ಅಂದ್ಕೊಂಡಿದ್ರಿ?"

ಹಾಗಾದರೆ "ಚೆನ್ನಾಗದೆ" ಎಂದು ಅವನು ಎರಡು ಸಲ ಹೇಳಿದ್ದು ನನ್ನ ಮುಖ ನೋಡಿ. ತಮ್ಮ ಆಸೆಪಟ್ಟು ತಂದಿದ್ದನ್ನು ಬೇಡ ಎನ್ನಲಾರದೆ ತನ್ನ ಒಂದು ದಿನವನ್ನು ನನಗೆ ಬಿಟ್ಟುಕೊಟ್ಟ. ಒತ್ತಡ ಎಲ್ಲ ಕಡೆಗೂ ಒಂದೇ ಸಮ ಹರಡುತ್ತದೆ ಎಂದು ಅಷ್ಟು ವರ್ಷ ಬೋರ್ಡಿನ ಮೇಲೆ ಬರೆದವನಿಗೆ, ನನ್ನ ಮನೆಯಲ್ಲೇ ಅದು ಎಲ್ಲಿಂದ ಎಲ್ಲಿಗೆ ಹರಡಿತೆಂದು ಕಾಣಲಿಲ್ಲ.

ಅದಕ್ಕೇ ಹೇಳಿದೆ, ಹಿತ್ತಿಲ ಬಾಗಿಲ ಪಕ್ಕದಲ್ಲಿ ಜಾಕು ಇದೆ, ಅದು ಸೋರುತ್ತದೆ ಎಂದು. ಡಬ್ಬಿಯಲ್ಲಿ ವಾಷರುಗಳು ಇನ್ನೂ ಇವೆ. ಸೀಮೆಎಣ್ಣೆಯೂ ಇದೆ, ಗೋಣಿತಾಟಂತೂ ಹಾಸಿಯೇ ಇದೆ. ಸಂಜೆಯ ಹೊತ್ತು ಅತ್ತಿಗೆ ಅದರ ಎದುರಿನ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಾರೆ. ಬಂದವರು ರಿಪೇರಿಯ ಮಾತೆತ್ತಿದರೆ ನಾನು ಕಾಫಿ ಇನ್ನೊಂದು ಲೋಟ ಬೇಕೇ ಎಂದು ಕೇಳಿ ಮಾತು ತಿರುಗಿಸುತ್ತೇನೆ. ಸೋರುವುದನ್ನು ನಿಲ್ಲಿಸುವುದು ನನಗೆ ಬರುತ್ತದೆ. ಒಂದು ಸಲ ನಿಲ್ಲಿಸಿದ್ದೇ ಸಾಕು.